ಮಾಂಸದ ಕೋಳಿಗಳಲ್ಲಿ ಗಂಡು–ಹೆಣ್ಣು ವ್ಯತ್ಯಾಸ: ಬೆಳವಣಿಗೆ ಮತ್ತು ಮಾಂಸದ ಇಳುವರಿ

ಪೀಠಿಕೆ

ಬ್ರಾಯ್ಲರ್ ಕೋಳಿ ಸಾಕಾಣಿಕೆ ಘಟಕ ಸ್ಥಾಪಿಸಲು ಬ್ಯಾಂಕ್ ಸಾಲ, ತರಬೇತಿ ಅಥವಾ ಇತರ ಸೌಲಭ್ಯ ಕೋರುವ ಅರ್ಜಿದಾರರು ಅರ್ಜಿಯೊಂದಿಗೆ ಯೋಜನಾ ವರದಿಯನ್ನು ಲಗತ್ತಿಸಬೇಕಾಗುತ್ತದೆ. ಈ ವರದಿಯ ಆದಾಯದ ಭಾಗವು ಒಂದೇ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಅದೆಂದರೆ ಮಾರಾಟದ ದಿನ ಒಂದು ಕೋಳಿಯ ಸರಾಸರಿ ತೂಕ. ಸದರಿ ಅಂಕಿಯನ್ನು ಬರೆಯುವಾಗ ಶೆಡ್ಡಿನಲ್ಲಿರುವ ಕೋಳಿಗಳಲ್ಲಿ ಸುಮಾರು ಅರ್ಧದಷ್ಟು ಗಂಡು, ಉಳಿದರ್ಧ ಹೆಣ್ಣು ಎಂಬುದನ್ನು ಮತ್ತು ಇವೆರಡೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ಎಂಬುದನ್ನು ಗಮನದಲ್ಲಿಡದಿದ್ದರೆ, ಸಾಲದ ಕಂತು ನಿಗದಿಯಾದ ನಂತರ ಲೆಕ್ಕ ತಪ್ಪಿರುವುದು ತಿಳಿದುಬರುತ್ತದೆ. ಆದ್ದರಿಂದ ಅರ್ಜಿದಾರರ ಹಾಗೂ ಸಾಕಾಣಿಕೆದಾರರ ಮಾಹಿತಿಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ವ್ಯತ್ಯಾಸವು ತಳಿಯದ್ದಲ್ಲ, ಲಿಂಗದ್ದು

ಇಂದಿನ ವಾಣಿಜ್ಯ ಬ್ರಾಯ್ಲರ್ ಮರಿಯು ಹಲವು ಶುದ್ಧ ವಂಶಗಳನ್ನು ಸಂಕರಗೊಳಿಸಿ ಪಡೆದ ಮರಿಯಾಗಿದೆ. ಸಾಮಾನ್ಯವಾಗಿ ತಂದೆಯ ಕಡೆಯ ವಂಶವು ಕಾರ್ನಿಷ್ ಮೂಲದ್ದು, ತಾಯಿಯ ಕಡೆಯ ವಂಶವು ಬಿಳಿ ಪ್ಲಿಮತ್ ರಾಕ್ ಮೂಲದ್ದು. ತಳಿ ಸಂಸ್ಥೆಗಳ ಕೈಪಿಡಿಗಳಲ್ಲಿ ಬರುವ "ಗಂಡು ವಂಶ", "ಹೆಣ್ಣು ವಂಶ" ಎಂಬ ಪದಗಳು ಈ ಪೋಷಕ ಕೋಳಿಗಳಿಗೆ ಸಂಬಂಧಿಸಿದವು. ಅವುಗಳನ್ನು ಓದಿ ಮರಿಗಳಲ್ಲಿಯೂ ಎರಡು ತಳಿಗಳಿವೆ ಎಂದು ಭಾವಿಸಬಾರದು. ಒಂದೇ ಪೆಟ್ಟಿಗೆಯಲ್ಲಿ ಬಂದ ಗಂಡು ಮರಿ ಮತ್ತು ಹೆಣ್ಣು ಮರಿಗೆ ತಂದೆತಾಯಿಯ ಮೂಲ ಒಂದೇ ಆಗಿರುತ್ತದೆ. ಗಂಡು ಮರಿಯ ಅಸ್ಥಿಪಂಜರ ದೊಡ್ಡದು, ಹಸಿವು ಹೆಚ್ಚು, ತಿಂದ ಆಹಾರದಲ್ಲಿ ಹೆಚ್ಚಿನ ಪಾಲನ್ನು ಅದು ಸ್ನಾಯುವಾಗಿ ಮಾರ್ಪಡಿಸುತ್ತದೆ. ಹೆಣ್ಣು ಮರಿ ಬೇಗನೆ ಪಕ್ವತೆಯ ಕಡೆಗೆ ಸಾಗುವುದರಿಂದ ಅದರಲ್ಲಿ ಕೊಬ್ಬು ಬೇಗ ಶೇಖರಣೆಗೊಳ್ಳುತ್ತದೆ.

ಬೆಳವಣಿಗೆ

ಮೊಟ್ಟೆಯಿಂದ ಹೊರಬಂದ ದಿನ ಮರಿಯ ತೂಕ ಸುಮಾರು 40ರಿಂದ 45 ಗ್ರಾಂ ಇರುತ್ತದೆ. ಈ ಹಂತದಲ್ಲಿ ತೂಕವನ್ನು ನಿರ್ಧರಿಸುವುದು ಮೊಟ್ಟೆಯ ಗಾತ್ರವೇ ಹೊರತು ಲಿಂಗವಲ್ಲ. ಮೊದಲ ವಾರದಲ್ಲಿಯೂ ವ್ಯತ್ಯಾಸವು ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಎರಡನೆಯ ವಾರದ ಕೊನೆಯಿಂದ ಗಂಡು ಮರಿ ಮುಂದೆ ಹೋಗಲು ಆರಂಭಿಸುತ್ತದೆ. ಅಲ್ಲಿಂದಾಚೆಗೆ ಅಂತರವು ದಿನದಿನಕ್ಕೂ ಹೆಚ್ಚುತ್ತಲೇ ಹೋಗುತ್ತದೆ.

ಉತ್ತಮ ನಿರ್ವಹಣೆಯಲ್ಲಿ ಐದು ವಾರದ ಗಂಡು ಸುಮಾರು 2.3ರಿಂದ 2.5 ಕೆ.ಜಿ., ಹೆಣ್ಣು ಸುಮಾರು 2.0ಯಿಂದ 2.2 ಕೆ.ಜಿ. ತೂಗಬಲ್ಲವು. ಆರು ವಾರ ತುಂಬುವ ವೇಳೆಗೆ ಗಂಡು 3 ಕೆ.ಜಿ. ದಾಟಿದ್ದರೆ ಹೆಣ್ಣು 2.7 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಅಂದರೆ ಐದನೆಯ ವಾರದಲ್ಲಿ 200ರಿಂದ 300 ಗ್ರಾಂ ಇದ್ದ ಅಂತರವು ಆರನೆಯ ವಾರದಲ್ಲಿ 400 ಗ್ರಾಂಗಿಂತ ಹೆಚ್ಚಾಗಬಹುದು. ಇವು ತಳಿಯ ಸಾಮರ್ಥ್ಯವನ್ನು ಸೂಚಿಸುವ ಅಂಕಿಗಳು. ಬೇಸಿಗೆಯ ಬಿಸಿಲು, ಇಕ್ಕಟ್ಟಾದ ಶೆಡ್ಡು, ಆಹಾರದ ಗುಣಮಟ್ಟ ಮುಂತಾದವುಗಳಿಂದ ತೆರೆದ ಶೆಡ್ಡಿನಲ್ಲಿ ದೊರೆಯುವ ತೂಕ ಇದಕ್ಕಿಂತ ಕಡಿಮೆಯೇ. ಆದರೆ ತೂಕ ಕಡಿಮೆಯಾದರೂ ಗಂಡು ಮತ್ತು ಹೆಣ್ಣಿನ ನಡುವಿನ ಅಂತರ ಉಳಿಯುತ್ತದೆ.

ಈ ಕಾರಣದಿಂದ ಮಿಶ್ರ ಹಿಂಡಿನಲ್ಲಿ ದೊಡ್ಡ ಕೋಳಿ, ಸಣ್ಣ ಕೋಳಿ ಎರಡೂ ಕಾಣಸಿಗುವುದು ಸಹಜ. ಐದನೆಯ ವಾರದಲ್ಲಿ ಕೋಳಿಗಳನ್ನು ಒಂದೊಂದಾಗಿ ತೂಗಿದರೆ ತೂಕಗಳು ಎರಡು ಗುಂಪುಗಳಾಗಿ ಬೀಳುತ್ತವೆ. ಇದನ್ನು ರೋಗವೆಂದು ತಿಳಿದು ಔಷಧಿಗೆ ಹಣ ವ್ಯಯಿಸುವ ಅಗತ್ಯವಿಲ್ಲ. ಮೂರನೆಯ ವಾರಕ್ಕೂ ಮುನ್ನವೇ ಹಿಂಡು ಏರುಪೇರಾಗಿ ಕಂಡರೆ, ಅಥವಾ ಸಣ್ಣ ಕೋಳಿಗಳಲ್ಲಿ ಗಂಡುಗಳೂ ಸಮಾನ ಸಂಖ್ಯೆಯಲ್ಲಿದ್ದರೆ, ಕಾರಣ ಬೇರೆಡೆ ಇದೆ. ಮರಿಗಳಿಗೆ ಕಾವು ಕೊಟ್ಟ ರೀತಿ, ನೀರು, ಆಹಾರದ ತಟ್ಟೆಗಳ ಸಂಖ್ಯೆ ಮತ್ತು ರೋಗಲಕ್ಷಣಗಳನ್ನು ಆಗ ಪರಿಶೀಲಿಸಬೇಕಾಗುತ್ತದೆ. ನಾಲ್ಕು ವಾರ ದಾಟಿದ ಗಂಡನ್ನು ಗುರುತಿಸುವುದು ಕಷ್ಟವಲ್ಲ. ಜುಟ್ಟು ಮತ್ತು ಗಲ್ಲದ ಕೆಳಗಿನ ಜೋಲು ಚರ್ಮ ದೊಡ್ಡದಾಗಿ ಕೆಂಪೇರಿರುತ್ತವೆ, ತಲೆ ಅಗಲ, ಕಾಲು ದಪ್ಪ.

ಆಹಾರ ಪರಿವರ್ತನೆ

ಒಂದು ಕೆ.ಜಿ. ಜೀವಂತ ತೂಕ ಪಡೆಯಲು ಎಷ್ಟು ಕೆ.ಜಿ. ಆಹಾರ ಬೇಕಾಯಿತು ಎಂಬುದನ್ನು ಆಹಾರ ಪರಿವರ್ತನಾ ಅನುಪಾತ ಅಥವಾ ಎಫ್‌ಸಿಆರ್ ಎನ್ನಲಾಗುತ್ತದೆ. ಒಂದೇ ವಯಸ್ಸಿನಲ್ಲಿ ಹೋಲಿಸಿದಾಗ ಗಂಡಿನ ಎಫ್‌ಸಿಆರ್ ಸ್ವಲ್ಪ ಮಾತ್ರ ಉತ್ತಮ. ಒಂದೇ ತೂಕದಲ್ಲಿ ಹೋಲಿಸಿದರೆ ಅಂತರ ಎದ್ದುಕಾಣುತ್ತದೆ. ಏಕೆಂದರೆ ಆ ತೂಕ ಮುಟ್ಟಲು ಹೆಣ್ಣಿಗೆ ಹೆಚ್ಚು ದಿನ ಬೇಕು, ಆ ಹೆಚ್ಚುವರಿ ದಿನಗಳಲ್ಲಿ ದೇಹದ ನಿರ್ವಹಣೆಗೇ ಆಹಾರ ಖರ್ಚಾಗುತ್ತದೆ. ಇದಲ್ಲದೆ ಸ್ನಾಯುವಿನಲ್ಲಿ ಮುಕ್ಕಾಲು ಭಾಗದಷ್ಟು ನೀರಿರುವುದರಿಂದ ಒಂದು ಗ್ರಾಂ ಮಾಂಸ ಕಟ್ಟುವುದಕ್ಕಿಂತ ಒಂದು ಗ್ರಾಂ ಕೊಬ್ಬು ಕಟ್ಟಲು ಹೆಚ್ಚು ಆಹಾರ ಬೇಕಾಗುತ್ತದೆ. ವಯಸ್ಸು ಹೆಚ್ಚಿದಂತೆ ಹೆಣ್ಣು ಕೋಳಿಯ ತೂಕದಲ್ಲಿ ಕೊಬ್ಬಿನ ಪಾಲು ಏರುತ್ತದೆ. ಆದ್ದರಿಂದ ಬೆಲೆ ಏರಬಹುದೆಂದು ಕಾದು ಹೆಣ್ಣು ಕೋಳಿಗಳನ್ನು ಆರು ವಾರದಾಚೆಗೆ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದು ಬಹುತೇಕ ನಷ್ಟದ ಬಾಬತ್ತು.

ಗಂಡು ಮರಿಯು ಆಹಾರದಲ್ಲಿನ ಸಸಾರಜನಕ, ವಿಶೇಷವಾಗಿ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಹೆಚ್ಚು ಸ್ಪಂದಿಸುತ್ತದೆ. ಭಾರತೀಯ ಮಾನಕ ಬ್ಯೂರೋದ 2007ರ ಮಾನದಂಡದಲ್ಲಿ ಬ್ರಾಯ್ಲರ್ ಪ್ರೀ-ಸ್ಟಾರ್ಟರ್ ಆಹಾರಕ್ಕೆ ಶೇಕಡಾ 23, ಸ್ಟಾರ್ಟರ್ ಆಹಾರಕ್ಕೆ ಶೇಕಡಾ 22 ಮತ್ತು ಫಿನಿಷರ್ ಆಹಾರಕ್ಕೆ ಶೇಕಡಾ 20 ಸಸಾರಜನಕವನ್ನು ಸೂಚಿಸಲಾಗಿದೆ. ಇದು ಮಿಶ್ರ ಹಿಂಡಿಗೆ ಅನ್ವಯವಾಗುವ ಮಧ್ಯಮ ಮಟ್ಟ. ಕೊನೆಯ ಎರಡು ವಾರಗಳಲ್ಲಿ ಈ ಮಟ್ಟ ಹೆಣ್ಣಿಗೆ ಬೇಕಾದುದಕ್ಕಿಂತ ತುಸು ಹೆಚ್ಚಾಗಬಹುದು, ವೇಗವಾಗಿ ಬೆಳೆಯುತ್ತಿರುವ ಗಂಡಿಗೆ ತುಸು ಕಡಿಮೆಯಾಗಬಹುದು. ಮಿಶ್ರ ಸಾಕಾಣಿಕೆಯಲ್ಲಿ ಈ ಕೊರತೆಯನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಮಾಂಸದ ಇಳುವರಿ

ಗರಿ, ರಕ್ತ, ತಲೆ, ಪಾದ ಮತ್ತು ಒಳ ಅಂಗಗಳನ್ನು ತೆಗೆದ ನಂತರ ಉಳಿಯುವ ಮಾಂಸವು ಜೀವಂತ ತೂಕದ ಶೇಕಡಾ 70ರಿಂದ 75ರಷ್ಟಿರುತ್ತದೆ. ಈ ಶೇಕಡಾವಾರಿನಲ್ಲಿ ಗಂಡಿಗೂ ಹೆಣ್ಣಿಗೂ ಹೆಚ್ಚಿನ ಅಂತರವಿಲ್ಲ. ವ್ಯತ್ಯಾಸ ಇರುವುದು ಮಾಂಸದ ಹಂಚಿಕೆಯಲ್ಲಿ.

ಹೆಣ್ಣು ಕೋಳಿಯಲ್ಲಿ ಒಟ್ಟು ಮಾಂಸಕ್ಕೆ ಹೋಲಿಸಿದರೆ ಎದೆ ಮಾಂಸದ ಪ್ರಮಾಣ ಸ್ವಲ್ಪ ಹೆಚ್ಚು. ಗಂಡಿನಲ್ಲಿ ತೊಡೆ ಮತ್ತು ಕಾಲಿನ ಪ್ರಮಾಣ ಹೆಚ್ಚು. ಇಲ್ಲಿ ಪ್ರಮಾಣವೇ ಬೇರೆ, ತೂಕವೇ ಬೇರೆ ಎಂಬುದನ್ನು ಗಮನಿಸಬೇಕು. ಗಂಡು ಕೋಳಿಯ ಒಟ್ಟು ತೂಕವೇ ಹೆಚ್ಚಾಗಿರುವುದರಿಂದ ಗ್ರಾಂ ಲೆಕ್ಕದಲ್ಲಿ ಅದರ ಎದೆ ಮಾಂಸವೂ ಹೆಣ್ಣಿನದಕ್ಕಿಂತ ಹೆಚ್ಚೇ ಬರುತ್ತದೆ. ಮೂಳೆರಹಿತ ಮಾಂಸ ತಯಾರಿಸುವ ಘಟಕಗಳು ದೊಡ್ಡ ಗಂಡು ಕೋಳಿಗಳನ್ನು ಬಯಸುವುದು ಈ ಕಾರಣಕ್ಕಾಗಿ. ಒಂದು ಕೋಳಿಯನ್ನು ಬಿಡಿಸುವ ಕೂಲಿ ಅದರ ಗಾತ್ರಕ್ಕೆ ತಕ್ಕಂತೆ ಏರುವುದಿಲ್ಲ.

ಹೊಟ್ಟೆಯೊಳಗಿನ ಕೊಬ್ಬು ಮತ್ತು ಚರ್ಮದಡಿಯ ಕೊಬ್ಬು ಹೆಣ್ಣಿನಲ್ಲಿ ಹೆಚ್ಚು. ರಾಜ್ಯದ ಅಂಗಡಿಗಳಲ್ಲಿ ಗ್ರಾಹಕರು ಚರ್ಮ ತೆಗೆಸಿ ಮಾಂಸ ಕೊಳ್ಳುವುದು ಸಾಮಾನ್ಯವಾಗಿದ್ದು, ಆಗ ಚರ್ಮದೊಂದಿಗೆ ಈ ಕೊಬ್ಬೂ ಹೊರಹೋಗುತ್ತದೆ. ವಯಸ್ಸಾದ, ಕೊಬ್ಬಿದ ಹೆಣ್ಣು ಕೋಳಿಯನ್ನು ಜೀವಂತ ತೂಕದ ಮೇಲೆ ಕೊಂಡವರಿಗೆ ಕೈಗೆ ಬರುವ ಮಾಂಸ ನಿರೀಕ್ಷೆಗಿಂತ ಕಡಿಮೆಯಾಗಲು ಇದೂ ಒಂದು ಕಾರಣ. ಇನ್ನೊಂದೆಡೆ, ಅತಿ ವೇಗವಾಗಿ ಬೆಳೆದ ಭಾರದ ಕೋಳಿಗಳಲ್ಲಿ ಎದೆ ಮಾಂಸ ಗಡುಸಾಗುವ ಮತ್ತು ಮಾಂಸದ ಮೇಲೆ ಬಿಳಿ ಗೆರೆಗಳು ಮೂಡುವ ದೋಷ ಕಂಡುಬರುತ್ತದೆ. ಎದೆ ಗಡುಸಾಗುವ ದೋಷವು ಗಂಡುಗಳಲ್ಲಿ ಹೆಚ್ಚು. ಮನೆಬಳಕೆಗೆ ಮಾರಾಟವಾಗುವ ಸುಮಾರು 2 ಕೆ.ಜಿ. ತೂಕದ ಕೋಳಿಗಳಲ್ಲಿ ಇದು ದೊಡ್ಡ ಸಮಸ್ಯೆಯಲ್ಲ.

ಒಂದು ದಿನದ ಮರಿಯ ಲಿಂಗ ಪತ್ತೆ

ಮರಿಯ ಗುದದ್ವಾರವನ್ನು ಪರೀಕ್ಷಿಸಿ ಲಿಂಗ ತಿಳಿಯುವ ವಿಧಾನವನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ರೂಪಿಸಿದರು. ಇದಕ್ಕೆ ದೀರ್ಘ ತರಬೇತಿ ಬೇಕು. ತರಬೇತಿಯಿಲ್ಲದವರು ಪ್ರಯತ್ನಿಸಿದಲ್ಲಿ ಮರಿಗೆ ಪೆಟ್ಟಾಗುವ ಸಂಭವವಿರುವುದರಿಂದ ಸಾಕಾಣಿಕೆದಾರರು ಇದನ್ನು ಸ್ವತಃ ಮಾಡಬಾರದು.

ಎರಡನೆಯದು ರೆಕ್ಕೆಯ ಗರಿಯನ್ನು ನೋಡುವ ವಿಧಾನ. ಪಕ್ಷಿಗಳಲ್ಲಿ ಗಂಡಿಗೆ ಎರಡು ಜೆಡ್ ವರ್ಣತಂತುಗಳೂ ಹೆಣ್ಣಿಗೆ ಒಂದು ಜೆಡ್ ಹಾಗೂ ಒಂದು ಡಬ್ಲ್ಯೂ ವರ್ಣತಂತುವೂ ಇರುತ್ತವೆ. ಗರಿ ನಿಧಾನವಾಗಿ ಬೆಳೆಯುವಂತೆ ಮಾಡುವ ಪ್ರಬಲ ಗುಣಾಣು ಜೆಡ್ ವರ್ಣತಂತುವಿನಲ್ಲಿದೆ. ತಾಯಿಯು ತನ್ನ ಏಕೈಕ ಜೆಡ್ ವರ್ಣತಂತುವನ್ನು ಗಂಡು ಮರಿಗೆ ಮಾತ್ರ ನೀಡುತ್ತದೆ. ಹೀಗಾಗಿ ನಿಧಾನ ಗರಿಯ ತಾಯಿ ಮತ್ತು ಶೀಘ್ರ ಗರಿಯ ತಂದೆಯನ್ನು ಜೋಡಿಸಿದರೆ ಗಂಡು ಮರಿಗಳೆಲ್ಲವೂ ನಿಧಾನ ಗರಿಯವು, ಹೆಣ್ಣು ಮರಿಗಳೆಲ್ಲವೂ ಶೀಘ್ರ ಗರಿಯವು ಆಗುತ್ತವೆ. ಮರಿಯ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ನೋಡಿದಾಗ, ಕೆಳಸಾಲಿನ ಉದ್ದ ಗರಿಗಳು ಮೇಲ್ಸಾಲಿನ ಮುಚ್ಚುಗರಿಗಳಿಗಿಂತ ಸ್ಪಷ್ಟವಾಗಿ ಉದ್ದವಿದ್ದರೆ ಹೆಣ್ಣು. ಎರಡೂ ಸಾಲು ಸಮನಾಗಿದ್ದರೆ ಅಥವಾ ಕೆಳಸಾಲು ಗಿಡ್ಡವಾಗಿದ್ದರೆ ಗಂಡು. ಆದರೆ ಎಲ್ಲ ಬ್ರಾಯ್ಲರ್ ತಳಿಗಳನ್ನೂ ಈ ರೀತಿ ಜೋಡಿಸಿರುವುದಿಲ್ಲ. ಜೋಡಿಸದ ತಳಿಯ ಮರಿಗಳಲ್ಲಿ ಗರಿ ನೋಡಿ ಲಿಂಗ ಹೇಳುವುದು ಕೇವಲ ಊಹೆಯಾಗುತ್ತದೆ. ಮರಿ ಹುಟ್ಟಿದ ಒಂದೆರಡು ದಿನಗಳಾಚೆಗೆ ಈ ವಿಧಾನವನ್ನು ನಂಬುವಂತಿಲ್ಲ.

ನಿಧಾನ ಗರಿಯ ಗಂಡು ಮರಿಗಳ ಬೆನ್ನು ಮೂರು–ನಾಲ್ಕನೆಯ ವಾರದಲ್ಲಿ ಬರಿದಾಗಿ ಕಾಣುವುದುಂಟು. ಇಕ್ಕಟ್ಟಿನಲ್ಲಿ ಉಗುರು ತಾಗಿ ಚರ್ಮ ಗೀರಿದರೆ ಸೋಂಕಿಗೆ ದಾರಿಯಾಗುತ್ತದೆ.

ಪ್ರತ್ಯೇಕ ಸಾಕಾಣಿಕೆ ಯಾರಿಗೆ ಸೂಕ್ತ

ಗಂಡು, ಹೆಣ್ಣುಗಳನ್ನು ಬೇರೆ ಬೇರೆ ಸಾಕಿದರೆ ಹಿಂಡು ಒಂದೇ ಸಮನಾಗಿ ಬೆಳೆಯುತ್ತದೆ. ಆಹಾರದ ಮಟ್ಟ, ಆಹಾರದ ತಟ್ಟೆ ಹಾಗೂ ನೀರಿನ ನಿಪ್ಪಲ್‌ಗಳ ಎತ್ತರ, ಮಾರಾಟದ ದಿನ ಎಲ್ಲವನ್ನೂ ಆಯಾ ಲಿಂಗಕ್ಕೆ ತಕ್ಕಂತೆ ಹೊಂದಿಸಬಹುದು. ಹೆಣ್ಣುಗಳನ್ನು ಬೇಗ ವಿಲೇವಾರಿ ಮಾಡಿ ಇಡೀ ಕೋಳಿಯಾಗಿ ಮಾರುವುದು, ಗಂಡುಗಳನ್ನು ಇನ್ನಷ್ಟು ದಿನ ಬೆಳೆಸಿ ತುಂಡು ಮಾಂಸಕ್ಕೆ ಕಳುಹಿಸುವುದು ವಿದೇಶಗಳ ದೊಡ್ಡ ಘಟಕಗಳಲ್ಲಿ ರೂಢಿಯಲ್ಲಿದೆ.

ರಾಜ್ಯದಲ್ಲಿ ಮಾರಾಟವಾಗುವ ಬ್ರಾಯ್ಲರ್ ಮರಿಗಳು ಬಹುಪಾಲು ಲಿಂಗ ವಿಂಗಡಿಸದ ಮಿಶ್ರ ಮರಿಗಳೇ ಆಗಿವೆ. ಒಂದೆರಡು ಸಾವಿರ ಕೋಳಿಗಳ ಘಟಕಕ್ಕೆ ವಿಂಗಡಣೆಯ ವೆಚ್ಚ, ಶೆಡ್ಡಿನ ನಡುವೆ ತಡಿಕೆ, ಎರಡು ಬಗೆಯ ಆಹಾರದ ದಾಸ್ತಾನು ಇವುಗಳಿಂದ ಬರುವ ಲಾಭಕ್ಕಿಂತ ತೊಡಕೇ ಹೆಚ್ಚು. ಅಂತಹ ಘಟಕದವರು ಮಿಶ್ರ ಹಿಂಡನ್ನೇ ಸಾಕಿ, ಆಹಾರ ಮತ್ತು ನೀರಿನ ಎತ್ತರವನ್ನು ದೊಡ್ಡ ಗಂಡುಗಳಿಗೆ ಸರಿಹೊಂದಿಸದೆ ಸಣ್ಣ ಹೆಣ್ಣುಗಳಿಗೂ ಎಟುಕುವಂತೆ ಇಡುವುದು ಹೆಚ್ಚು ಪ್ರಯೋಜನಕಾರಿ.

ಯೋಜನಾ ವರದಿಯಲ್ಲಿ ಲೆಕ್ಕ ಹಾಕುವ ಕ್ರಮ

ಉದಾಹರಣೆಗೆ 1,000 ಮರಿಗಳ ಘಟಕವನ್ನು ಪರಿಗಣಿಸಬಹುದು. ಲೆಕ್ಕದ ಅನುಕೂಲಕ್ಕಾಗಿ ಸಾವಿನ ಪ್ರಮಾಣವನ್ನು ಬಿಡಲಾಗಿದೆ. ದರಗಳು ಮಾದರಿಗಾಗಿ ಮಾತ್ರ, ಅರ್ಜಿದಾರರು ತಮ್ಮ ಪ್ರದೇಶದ ಚಾಲ್ತಿ ದರಗಳನ್ನು ಬಳಸತಕ್ಕದ್ದು.

35ನೆಯ ದಿನ ಗಂಡು ಸರಾಸರಿ 2.2 ಕೆ.ಜಿ., ಹೆಣ್ಣು 1.9 ಕೆ.ಜಿ. ಎಂದಿಟ್ಟುಕೊಂಡರೆ 500 ಗಂಡುಗಳಿಂದ 1,100 ಕೆ.ಜಿ., 500 ಹೆಣ್ಣುಗಳಿಂದ 950 ಕೆ.ಜಿ., ಒಟ್ಟು 2,050 ಕೆ.ಜಿ. ದೊರೆಯುತ್ತದೆ. ಎಫ್‌ಸಿಆರ್ ಗಂಡಿಗೆ 1.55, ಹೆಣ್ಣಿಗೆ 1.60 ಎಂದು ಹಿಡಿದರೆ ಆಹಾರ ಕ್ರಮವಾಗಿ 1,705 ಮತ್ತು 1,520 ಕೆ.ಜಿ., ಒಟ್ಟು 3,225 ಕೆ.ಜಿ. ಆಗುತ್ತದೆ. ಜೀವಂತ ಕೋಳಿಗೆ ಕೆ.ಜಿ.ಗೆ 100 ರೂ., ಆಹಾರಕ್ಕೆ 40 ರೂ., ಮರಿಗೆ 40 ರೂ., ಇತರೆ ವೆಚ್ಚಗಳಿಗೆ ಕೋಳಿಯೊಂದಕ್ಕೆ 15 ರೂ. ಎಂದು ಲೆಕ್ಕ ಹಾಕಿದಲ್ಲಿ ಆದಾಯ 2,05,000 ರೂ., ವೆಚ್ಚ 1,84,000 ರೂ., ಉಳಿತಾಯ 21,000 ರೂ.

ಇದೇ ಅರ್ಜಿದಾರರು ಎಲ್ಲ ಕೋಳಿಗಳಿಗೂ ಗಂಡಿನ ಅಂಕಿಯನ್ನೇ ಬರೆದರೆ ಒಟ್ಟು ತೂಕ 2,200 ಕೆ.ಜಿ., ಆಹಾರ 3,410 ಕೆ.ಜಿ. ಆಗಿ ಉಳಿತಾಯ 28,600 ರೂ. ಎಂದು ತೋರುತ್ತದೆ. ತೂಕದಲ್ಲಿ ತಪ್ಪಿರುವುದು ಶೇಕಡಾ 7ರಷ್ಟು ಮಾತ್ರ. ಉಳಿತಾಯದಲ್ಲಿ ಕಡಿಮೆಯಾಗುವುದು 7,600 ರೂ., ಅಂದರೆ ತೋರಿಸಿದ ಮೊತ್ತದ ಕಾಲು ಭಾಗಕ್ಕಿಂತ ಹೆಚ್ಚು. ವರ್ಷಕ್ಕೆ ಆರು ಬ್ಯಾಚುಗಳಾದರೆ ಕೊರತೆ 45,600 ರೂ. ಸಾಲದ ಕಂತನ್ನು ಕಟ್ಟಬೇಕಾಗಿರುವುದು ಈ ಉಳಿತಾಯದಿಂದಲೇ. ಆದುದರಿಂದ ತಳಿ ಸಂಸ್ಥೆಯ ಪಟ್ಟಿಯಿಂದ ಅಂಕಿಗಳನ್ನು ಎತ್ತಿಕೊಳ್ಳುವಾಗ ಗಂಡು, ಹೆಣ್ಣು ಮತ್ತು ಮಿಶ್ರ ಹಿಂಡು ಎಂಬ ಮೂರು ಪಟ್ಟಿಗಳಲ್ಲಿ ಮಿಶ್ರ ಹಿಂಡಿನ ಪಟ್ಟಿಯನ್ನೇ ಆಯ್ದುಕೊಳ್ಳಬೇಕು. ಅದರಲ್ಲಿಯೂ ಸ್ಥಳೀಯ ಶೆಡ್ಡುಗಳಲ್ಲಿ ನಿಜವಾಗಿ ದೊರೆತ ತೂಕ ಲಭ್ಯವಿದ್ದರೆ ಅದೇ ಮೇಲು.

ತೂಕದ ಮಾದರಿ ಮತ್ತು ಭಾಗಶಃ ಮಾರಾಟ

ವಾರಕ್ಕೊಮ್ಮೆ ತೂಕ ನೋಡುವಾಗ ಕೈಗೆ ಸಿಕ್ಕ ಕೋಳಿಗಳನ್ನು ಹಿಡಿದು ತೂಗಿದರೆ ಫಲಿತಾಂಶ ಸರಿಯಿರುವುದಿಲ್ಲ. ಭಾರದ ಗಂಡುಗಳು ನಿಧಾನ, ಸುಲಭವಾಗಿ ಸಿಗುತ್ತವೆ. ಶೆಡ್ಡಿನ ಎರಡು–ಮೂರು ಕಡೆ ತಡಿಕೆಯಿಂದ ಒಂದಷ್ಟು ಕೋಳಿಗಳನ್ನು ಸುತ್ತುವರಿದು, ಅದರೊಳಗೆ ಸಿಕ್ಕ ಎಲ್ಲವನ್ನೂ, ಒಂದನ್ನೂ ಬಿಡದೆ, ತೂಗಬೇಕು.

ವ್ಯಾಪಾರಿಗಳು ದೊಡ್ಡ ಕೋಳಿಗಳನ್ನು ಆರಿಸಿ ಮೊದಲು ಎತ್ತುವುದುಂಟು. 33ನೆಯ ದಿನ 1,000 ಕೋಳಿಗಳ ಸರಾಸರಿ ತೂಕ 1.90 ಕೆ.ಜಿ. ಇದ್ದು, ಒಟ್ಟು 831 ಕೆ.ಜಿ. ತೂಗುವ 400 ದೊಡ್ಡ ಕೋಳಿಗಳನ್ನು ಎತ್ತಿದರೆ, ಉಳಿದ 600ರ ಸರಾಸರಿ ಅದೇ ಸಂಜೆ 1.78 ಕೆ.ಜಿ.ಗೆ ಇಳಿದಿರುತ್ತದೆ. ಉಳಿದವುಗಳಲ್ಲಿ ಹೆಣ್ಣುಗಳೇ ಹೆಚ್ಚಾದುದರಿಂದ ಮುಂದಿನ ದಿನಗಳ ಬೆಳವಣಿಗೆಯೂ ನಿಧಾನ. ಇದನ್ನು ಅರಿಯದವರು ಆಹಾರ ಕಳಪೆಯಾಯಿತೆಂದೋ ರೋಗ ತಗುಲಿತೆಂದೋ ಗಾಬರಿಯಾಗುತ್ತಾರೆ. ಗುತ್ತಿಗೆ ಸಾಕಾಣಿಕೆಯಲ್ಲಿ ಸಾಕಾಣಿಕೆ ಶುಲ್ಕವನ್ನು ಎಫ್‌ಸಿಆರ್ ಹಾಗೂ ಸರಾಸರಿ ತೂಕದ ಆಧಾರದ ಮೇಲೆ ನಿಗದಿಪಡಿಸುವುದರಿಂದ, ಇಡೀ ಬ್ಯಾಚಿನ ಒಟ್ಟು ಆಹಾರ ಹಾಗೂ ಒಟ್ಟು ತೂಕವನ್ನು ಪರಿಗಣಿಸಲಾಗಿದೆಯೇ, ಕೊನೆಯ ಎತ್ತುವಳಿಯನ್ನು ಮಾತ್ರವೇ ಎಂಬುದನ್ನು ಕರಾರು ಪತ್ರದಲ್ಲಿ ಓದಿ ನೋಡಿಯೇ ಸಹಿ ಮಾಡಬೇಕು. ಪ್ರತಿ ಎತ್ತುವಳಿಯ ಕೋಳಿಗಳ ಸಂಖ್ಯೆ ಮತ್ತು ತೂಕದ ಚೀಟಿಗಳನ್ನು ಬ್ಯಾಚಿನ ಲೆಕ್ಕ ಚುಕ್ತಾ ಆಗುವವರೆಗೆ ಇಟ್ಟುಕೊಳ್ಳತಕ್ಕದ್ದು.

ಆರೋಗ್ಯ

ಚೆನ್ನಾಗಿದ್ದ ಕೋಳಿ ಇದ್ದಕ್ಕಿದ್ದಂತೆ ರೆಕ್ಕೆ ಬಡಿದು ಅಂಗಾತ ಬಿದ್ದು ಸಾಯುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಹಾಗೂ ಕಾಲಿನ ಊನ ಇವು ವೇಗವಾಗಿ ಬೆಳೆಯುವ ಗಂಡುಗಳಲ್ಲಿ ಹೆಚ್ಚು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಮೊದಲು ಬಳಲುವುವೂ ಭಾರದ ಗಂಡುಗಳೇ. ಒಂದು ಕೋಳಿಗೆ ಒಂದು ಚದರ ಅಡಿ ಎಂಬ ವಾಡಿಕೆಯ ಲೆಕ್ಕವು ಸುಮಾರು 2 ಕೆ.ಜಿ. ತೂಕದವರೆಗೆ ಸರಿ. ಗಂಡುಗಳನ್ನು ಎರಡೂವರೆ ಕೆ.ಜಿ. ಮೀರಿ ಬೆಳೆಸುವವರು ಹೆಚ್ಚಿನ ಜಾಗ ಒದಗಿಸಬೇಕು. ಸತ್ತ ಕೋಳಿಗಳ ಲಿಂಗವನ್ನೂ ದಿನವಹಿ ಪುಸ್ತಕದಲ್ಲಿ ಬರೆದಿಟ್ಟರೆ ಪಶುವೈದ್ಯರಿಗೆ ಕಾರಣ ಪತ್ತೆಮಾಡಲು ಅನುಕೂಲ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಗಂಡು ಕೋಳಿ ಬೇಗ ಬೆಳೆಯಲು ಹಾರ್ಮೋನ್ ಚುಚ್ಚುಮದ್ದು ಕಾರಣವೇ?
ಅಲ್ಲ. ತಲೆಮಾರುಗಳ ಆಯ್ಕೆ ಮತ್ತು ಸಮತೋಲನ ಆಹಾರ ಕಾರಣ. ಬೆಳವಣಿಗೆಯ ಹಾರ್ಮೋನ್ ಸಸಾರಜನಕ ರೂಪದ್ದಾಗಿದ್ದು, ಆಹಾರದಲ್ಲಿ ಬೆರೆಸಿದರೆ ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗಳಿಗೆ ಒಂದೊಂದಾಗಿ ಮತ್ತೆ ಮತ್ತೆ ಚುಚ್ಚುವುದು ಕಾರ್ಯಸಾಧ್ಯವೂ ಅಲ್ಲ, ಲಾಭದಾಯಕವೂ ಅಲ್ಲ.

ಗಂಡು ಮತ್ತು ಹೆಣ್ಣಿನ ಮಾಂಸದ ರುಚಿಯಲ್ಲಿ ವ್ಯತ್ಯಾಸವಿದೆಯೇ?
ಐದಾರು ವಾರದ ವಯಸ್ಸಿನಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ. ನಾಟಿ ಹುಂಜದ ಮಾಂಸದ ಗಡುಸುತನ ವಯಸ್ಸಿನಿಂದ ಬರುವಂಥದ್ದು.

ಹೆಣ್ಣು ಬ್ರಾಯ್ಲರ್‌ಗಳನ್ನು ಮೊಟ್ಟೆಗಾಗಿ ಉಳಿಸಿಕೊಳ್ಳಬಹುದೇ?
ಲಾಭದಾಯಕವಲ್ಲ. ಹೊಟ್ಟೆ ತುಂಬ ತಿಂದು ಕೊಬ್ಬಿದ ಬ್ರಾಯ್ಲರ್ ಹೇಂಟೆ ಸರಿಯಾಗಿ ಮೊಟ್ಟೆ ಇಡುವುದಿಲ್ಲ. ಮಾಂಸ, ಮೊಟ್ಟೆ ಎರಡನ್ನೂ ಬಯಸುವವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜದಂತಹ ಹಿತ್ತಲ ಕೋಳಿಗಳನ್ನು ಆಯ್ದುಕೊಳ್ಳುವುದು ಸೂಕ್ತ. ಅವುಗಳಲ್ಲಿ ಗಂಡುಗಳನ್ನು ಮಾಂಸಕ್ಕೆ ಮಾರಿ ಹೇಂಟೆಗಳನ್ನು ಉಳಿಸಿಕೊಳ್ಳಬಹುದು.

ಕಡಿಮೆ ಬೆಲೆಗೆ "ಗಂಡು ಮರಿ" ಎಂದು ಮಾರುವವರಿಂದ ಕೊಳ್ಳಬಹುದೇ?
ಎಚ್ಚರಿಕೆ ಅಗತ್ಯ. ಇವು ಮೊಟ್ಟೆ ತಳಿಯ ಗಂಡು ಮರಿಗಳಾಗಿರುವ ಸಂಭವ ಹೆಚ್ಚು. ಅವು ಒಂದು ಕೆ.ಜಿ. ತೂಗಲು ಎರಡು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಬಿಲ್ಲಿನಲ್ಲಿ ತಳಿಯ ಹೆಸರು ನಮೂದಾಗಿರುವುದನ್ನು ನೋಡಿ ಹಣ ಪಾವತಿಸಬೇಕು.

ರಾಷ್ಟ್ರೀಯ ಜಾನುವಾರು ಮಿಷನ್‌ನ ಉದ್ಯಮಶೀಲತಾ ಯೋಜನೆಯಡಿ ಬ್ರಾಯ್ಲರ್ ಶೆಡ್ಡಿಗೆ ಸಹಾಯಧನ ಕೋರಬಹುದೇ?
2021ರಲ್ಲಿ ಪರಿಷ್ಕರಿಸಲಾದ ಮಾರ್ಗಸೂಚಿಯಲ್ಲಿ ಕೋಳಿ ವಿಭಾಗದ ನೆರವನ್ನು ಗ್ರಾಮೀಣ ಕೋಳಿ ತಳಿಗಳ ಪೋಷಕ ಘಟಕ, ಮರಿ ಉತ್ಪಾದನೆ ಮತ್ತು ಮರಿ ಪಾಲನೆಗೆ ನಿಗದಿಪಡಿಸಲಾಗಿತ್ತು, ವಾಣಿಜ್ಯ ಬ್ರಾಯ್ಲರ್ ಸಾಕಾಣಿಕೆಗೆ ಅಲ್ಲ. ಅರ್ಜಿ ಶುಲ್ಕ, ಯೋಜನಾ ವರದಿಯ ವೆಚ್ಚ ಮಾಡುವ ಮುನ್ನ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ವಿಚಾರಿಸಬೇಕು.

ತರಬೇತಿ ಎಲ್ಲಿ ದೊರೆಯುತ್ತದೆ?
ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಲ್ಲಿ ಕೋಳಿ ಸಾಕಾಣಿಕೆ ತರಬೇತಿ ನೀಡಲಾಗುತ್ತದೆ. ಹಿಂದಿನ ಬ್ಯಾಚುಗಳ ತೂಕದ ಚೀಟಿ ಮತ್ತು ಆಹಾರದ ಬಿಲ್ಲುಗಳಿರುವ ಸಾಕಾಣಿಕೆದಾರರು ಅವುಗಳನ್ನು ಜೊತೆಗೆ ತೆಗೆದುಕೊಂಡು ಹೋದಲ್ಲಿ ತಮ್ಮದೇ ಶೆಡ್ಡಿನ ಲೆಕ್ಕವನ್ನು ಅಲ್ಲಿನ ತಜ್ಞರ ಮುಂದಿಟ್ಟು ಸಲಹೆ ಪಡೆಯಬಹುದು.